ಗಿಲೀಟಿನ ಗುಲಾಬಿ

ಮಾಧವಿ ಒಡ್ಡಿದ ಸೆರಗಿಗೆ ಅಕ್ಕಿ, ಕೊಬ್ಬರಿ ಬಟ್ಟಲು ಹಾಕಿ ಉಡಿ ತುಂಬುತ್ತಿದ್ದ ಕೊಟ್ರಬಸಮ್ಮ, ಗುಲಾಬಿ ಪಿನ್ನು ಹಿಡಿದ ತನ್ನ ಕೈಯನ್ನು ಅರ್ಧಕ್ಕೇ ತಡೆದಳು. "ಬ್ಯಾಡ್ರಿ ಅಕ್ಕಾರ, ಇದನ್ನ ಹಾಕಬಾರದು."

ಗಾಜಿನ ಎಸಳುಗಳ ಹಳೆಯ ಗಿಲೀಟು ಪಿನ್ನು ಅದು. ಅಂಥ ಹೂವಿನ ಒಡವೆಗಳನ್ನು ಊರೂರು ತಿರುಗಿ ಕೂಡಿಹಾಕುವ ಹೊಸಪೇಟೆಯ ಮಾಧವಿ, ಒಂದೆಸಳೂ ಉದುರದ ಪಿನ್ನನ್ನು ಕಂಡದ್ದು ಬುಕ್ಕಸಾಗರದ ಈ ಮನೆಯಲ್ಲೇ ಮೊದಲು. ಆದರೂ ಆಸೆ ತೋರಿದರೆ ಬೆಲೆ ಏರೀತೆಂದು, "ಬರೇ ತಗಡು ಬಿಡ್ರಿ, ಇದಕ್ಕೇನು ಕಿಮ್ಮತ್ತು?" ಎಂದು ಆಗಲೇ ಮೂಗು ಮುರಿದಿದ್ದಳು.

"ನನ್ನ ಮದುವ್ಯಾಗ ನಮ್ಮವ್ವ ಸೆರಗಿಗೆ ಚುಚ್ಚಿದ್ದು. ನೀವು ಭಾಳ ಹೊತ್ತು ಕೈಯಾಗ ಹಿಡಕಂಡು ನೋಡಿದ್ರಿ, ಮನಸಿಗೆ ಬಂದೈತಿ ಅಂತ ಉಡಿಯಾಗ ಹಾಕಾಕ ತಂದೆ. ನೀವು ತಿಳಿದೋರು, ಹೇಳಿದ್ದು ಚೊಲೋ ಆತು. ಮನಿಗೆ ಬಂದ ಹೆಣ್ಮಗಳಿಗೆ ತಗಡು ಕೊಟ್ಟು ಕಳಿಸಿದ್ರ ನನ್ನ ಮಾನ ಏನಾಗಬೇಕ್ರಿ?"

ಕೊಟ್ರಬಸಮ್ಮ ನಾಚಿಕೊಂಡು ಪಿನ್ನನ್ನು ಕಸದ ಬುಟ್ಟಿಗೆ ಹಾಕಿದಳು. ತನ್ನ ಬೆರಳಿನ ಉಂಗುರವನ್ನು ತಿರುಗಿಸಿ ತಿರುಗಿಸಿ ಬಿಚ್ಚಿ ಅಕ್ಕಿಯ ಮೇಲಿಟ್ಟಳು. "ಇದು ಖರೇ ಬೆಳ್ಳಿ ಐತ್ರಿ. ತಪ್ಪು ತಿಳೀಬ್ಯಾಡ್ರಿ."

ಮಾಧವಿಯ ಎರಡೂ ಕೈಗಳು ತುಂಬಿದ ಸೆರಗನ್ನು ಹಿಡಿದಿದ್ದವು. ಮುಖ ಮುಚ್ಚಿಕೊಳ್ಳಲು ಅವಳಿಗೆ ಕೈಯೇ ಇರಲಿಲ್ಲ.