ಕಂಪ್ಯೂಟರಿನ ಹೂವಿನ ಗವಸು

"ಹಾಗಾದ್ರೆ ನನ್ನ ಹಳೇ ಕಂಪ್ಯೂಟರನ್ನ ಇವತ್ತೇ ಎತ್ಕೊಂಡು ಹೋಗ್ತೀಯೇನೇ?" ಎಂದು ದೊಡ್ಡಮ್ಮ ತಂತ್ರಜ್ಞಾನ ವಿಭಾಗದ ಮುಖ್ಯಸ್ಥೆಯನ್ನು ಕೇಳಿದರು. ಮಾಲೀಕರಿಗೆ ದುಂಬಾಲು ಬಿದ್ದು ಹೊಸ ಕಂಪ್ಯೂಟರುಗಳಿಗೆ ಬಂಡವಾಳ ಹಾಕಿಸಿದ್ದವಳು ಅವಳೇ. ಆದರೆ ಇಡೀ ಕಚೇರಿ ದೊಡ್ಡಮ್ಮ ಎಂದೇ ಕರೆಯುವ ಈ ಹಿರಿಯ ಗುಮಾಸ್ತೆ ಒಲ್ಲೆ ಎಂದರೆ ಉಳಿದವರಾರೂ ಹೊಸದನ್ನು ಮುಟ್ಟುವುದಿಲ್ಲ.

"ಹೌದು ದೊಡ್ಡಮ್ಮ. ನೀವು ಕಲಿಯೋವರೆಗೂ ನಾನೇ ಪಕ್ಕದಲ್ಲಿ ಕೂತಿರ್ತೀನಿ."

ದೊಡ್ಡಮ್ಮ ತಾವೇ ಹೊಲಿದು, ದಿನವೂ ಸಂಜೆ ಹಳೆಯ ಕಂಪ್ಯೂಟರಿಗೆ ಹೊದಿಸುತ್ತಿದ್ದ ಹೂವಿನ ಗವಸನ್ನು ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ನಿಂತರು. ಆಮೇಲೆ ಅದನ್ನು ಹೊಸದಕ್ಕೆ ತೊಡಿಸಿದರು. ಗವಸು ಜೋಲಾಡಿತು.

"ಅಯ್ಯೋ, ಎಷ್ಟು ಬಡಕಲು ಇದು! ಹೊಟ್ಟೆಗೇನೂ ಹಾಕಿಲ್ವಾ?" ಎನ್ನುತ್ತ ಚೀಲದಿಂದ ಸೂಜಿದಾರ ತೆಗೆದರು. "ಈ ತುದಿ ಹಿಡ್ಕೊಳ್ಳೇ, ಎರಡು ಹೊಲಿಗೆ ಹಾಕ್ತೀನಿ."