ಊಟಕ್ಕೆ ಮುಂಚಿನ ಪ್ರಾರ್ಥನೆ

ಬೆಟಗೇರಿಯ ದೇವಪುತ್ರ ಭಾಷೆ ಕಲಿಯಲೆಂದು ಜರ್ಮನಿಗೆ ಹೋಗಿ, ಒಬ್ಬ ಅಜ್ಜಿಯ ಮನೆಯಲ್ಲಿ ಬಾಡಿಗೆಗಿದ್ದ. ಅಜ್ಜಿ ತನ್ನ ಪಾದ್ರಿ ಅಪ್ಪನ ಹಳೆಯ ಫೋಟೋ ತೋರಿಸಿ ಜರ್ಮನಿನಲ್ಲಿ ಉದ್ದಕ್ಕೆ ಏನೇನೋ ಹೇಳುತ್ತಿದ್ದಳು. ಇವನಿಗೆ ತಿಳಿಯುತ್ತಿದ್ದುದು ಅಪ್ಪ, ಹಡಗು, ಇಂಡಿಯಾ, ಸೆಕೆ, ಇಷ್ಟೇ. ಉಳಿದದ್ದಕ್ಕೆಲ್ಲ ತಲೆಯಾಡಿಸುತ್ತಿದ್ದ.

ಊಟದ ಮುಂಚಿನ ಪ್ರಾರ್ಥನೆ ಮಾತ್ರ ಅವನ ಪಾಲಿಗೆ ಬಂದಿತ್ತು.

"ನಿನ್ನ ಭಾಷೆಯಲ್ಲೇ ಮಾಡು. ದೇವರಿಗೆ ಎಲ್ಲ ಭಾಷೆಯೂ ಬರುತ್ತದೆ" ಎಂದು ಅಜ್ಜಿ ಕೈಸನ್ನೆ ಮಾಡಿ ತಿಳಿಸಿದ್ದಳು.

ಮೊದಮೊದಲು ನೆಟ್ಟಗೇ ಪ್ರಾರ್ಥಿಸಿದ. ಒಂದು ದಿನ ತಡೆಯಲಾಗಲಿಲ್ಲ. ಕಣ್ಣು ಮುಚ್ಚಿ, ಚರ್ಚಿನ ದನಿಯಲ್ಲೇ ಶುರುಮಾಡಿದ.

"ಯೇಸಪ್ಪಾ, ಈ ಸಾರಿನಾಗ ಉಪ್ಪಿಲ್ಲ, ಖಾರಿಲ್ಲ, ಬರೇ ಸಪ್ಪಗೈತಿ. ಈ ಮುದುಕಿ ಅಡಿಗಿಯಿಂದ ನನ್ನ ಪಾರು ಮಾಡು."

"ಆಮೆನ್" ಎಂದಳು ಅಜ್ಜಿ, ಭಕ್ತಿಯಿಂದ.

ಆಮೇಲೆ ಅವನನ್ನು ಹಿಡಿಯುವವರೇ ಇರಲಿಲ್ಲ.

"ಸ್ವಾಮಿ, ಈ ಬ್ರೆಡ್ಡು ಕಲ್ಲಾಗೈತಿ, ನನ್ನ ಹಲ್ಲು ಕಾಯಿ."

"ಆಮೆನ್."

"ತಂದೆಯೇ, ಆಲೂಗಡ್ಡಿ ತಿಂದು ತಿಂದು ನಾನೂ ಆಲೂಗಡ್ಡಿ ಆಗೇನಿ."

"ಆಮೆನ್, ಆಮೆನ್."

ಭಾಷಾ ಪರೀಕ್ಷೆಯ ಹಿಂದಿನ ದಿನ ದೇವಪುತ್ರ ಕಂಗಾಲಾಗಿದ್ದ. ಫೇಲಾದರೆ ಗಂಟುಮೂಟೆ ಕಟ್ಟಿ ಊರಿಗೆ ಹೊರಡಬೇಕು. ಊಟಕ್ಕೆ ಕೂತರೆ ಬಾಯಿಂದ ಪ್ರಾರ್ಥನೆಯೇ ಹೊರಡಲಿಲ್ಲ.

"ಇವತ್ತು ನಾನು ಮಾಡುತ್ತೇನೆ" ಎಂದು ಅಜ್ಜಿ ಜರ್ಮನಿನಲ್ಲಿ ಹೇಳಿ, ಅವನ ಕೈ ಹಿಡಿದು ಕಣ್ಣು ಮುಚ್ಚಿದಳು.

"ಯೇಸಪ್ಪಾ, ಈ ಹುಡುಗನ ಜರ್ಮನ್ನೂ ನನ್ನ ಸಾರಿನಂಗ ಬರೇ ಸಪ್ಪಗೈತಿ. ನಾಳಿ ಪರೀಕ್ಷಾದಾಗ ಅದಕ್ಕ ಒಂದೀಟು ಉಪ್ಪು ಹಾಕಪ್ಪಾ."