ಕಾರ್ಡು ಬದಲಿಸುವ ಭಾನುವಾರ

ಪೂರ್ತಿ ಕೇಳಿ, ನಡುವೆ ಎದ್ದು ಹೋಗಬೇಡಿ. ವಿನೀತನಂಥ ಮಹಾಜಾಣ ನಿಮ್ಮ ಮನೆಯಲ್ಲೂ ಒಬ್ಬನಿರಬಹುದು.

ಎರಡು ಸಾವಿರದ ಒಂದನೇ ಇಸವಿ. ದಸರೆ ಮುಗಿದ ಮೊದಲ ಭಾನುವಾರ. ಬೆಳಗಾವಿಯ ಟಿಳಕವಾಡಿಯ ಮನೆಯಲ್ಲಿ ವಿನೀತ ಕೀಬೋರ್ಡು ಕುಟ್ಟುತ್ತಿದ್ದ. ಪರದೆಯ ಮೇಲೆ ರೇಸಿನ ಕಾರು ತೆವಳುತ್ತಿತ್ತು.

“ಆಟದ ಚಿತ್ರ ಓಡಸೂದು ಈ ಗ್ರಾಫಿಕ್ಸ್ ಕಾರ್ಡು, ಬಾಬಾ. ಮೂರು ವರ್ಷದ್ದು. ಮುದಿ ಎಮ್ಮಿ ಆಗೇತಿ. ಬದಲಿ ಮಾಡಾಕ ಬೇಕು.”

ಬಾಬಾ ಮಾರ್ತಾಂಡರ ಬಳಿ ಒಂದಕ್ಕೆ ಸಾಲುವಷ್ಟೇ ದುಡ್ಡಿತ್ತು. ಮಗನ ಕಾರ್ಡು, ಇಲ್ಲವೇ ಮಗಳು ರಸಿಕಾಳ ಬ್ಯಾಡ್ಮಿಂಟನ್ ಶಿಬಿರ. ಶಿಬಿರಕ್ಕೆ ಹೆಸರು ಕೊಡಲು ಮರುದಿನವೇ ಕೊನೆ.

“ಹಬ್ಬಕ್ಕಿಂತ ಮದ್ಲ ಛಲೋ ಓಡ್ತಿತ್ತಲ್ಲೋ ದಾದಾ?” ಎಂದಳು ರಸಿಕಾ.

“ಷಟಲ್ ಹೊಡಿಯೂದು ಬಿಟ್ಟರ ನಿನಗೇನ ತಿಳಿತೈತಿ?”

ಅವನ ಲೆಕ್ಕದಲ್ಲಿ ಮನೆಯವರೆಲ್ಲ ದಡ್ಡರು. ದಸರೆಯ ಆಯುಧಪೂಜೆಯಾದ ಖಂಡೇಪೂಜೆಯ ದಿನ ತಾಯಿ ಕಂಪ್ಯೂಟರ್ ಒರೆಸಲು ಬಂದಾಗ, “ಹಿಟ್ಟಿನ ಕೈ ಹಚ್ಚಬ್ಯಾಡ!” ಎಂದು ಗದರಿದ್ದ. ವೈರುಗಳನ್ನು ತಾನೇ ಕಿತ್ತು, ಒರೆಸಿ, ತಾನೇ ಸಿಕ್ಕಿಸಿದ್ದ. ಕುಂಕುಮ ಹಚ್ಚಲು ಮಾತ್ರ ಅವಳಿಗೆ ಅಪ್ಪಣೆ ಸಿಕ್ಕಿತ್ತು.

ಮಾರ್ತಾಂಡರು ಬೀರೇಶನನ್ನು ಕರೆಸಿದ್ದರು. ಖಾನಾಪುರದ ಅವರ ಆಫೀಸಿನಲ್ಲಿ ಕಂಪ್ಯೂಟರ್ ಕೆಟ್ಟರೆ ನೋಡುವವನು ಅವನೇ. ಅವನು ಹೇಳಿದಂತೆ ತೀರ್ಮಾನ.

ಬಸ್ಸಿನ ಧೂಳಿನಲ್ಲೇ ಬಂದ ಬೀರೇಶನಿಗೆ ರಸಿಕಾ ಚಹಾ ಕೊಟ್ಟಳು. ವಿನೀತ ಅವನನ್ನು ಮೇಲಿಂದ ಕೆಳಗೆ ಅಳೆದ.

“ಹಲಸಿ ಹಳ್ಳಿ ಕಡೆಯಾವ ಅಲ್ಲೇನು? ಕುರಿ ಬ್ಯಾನಿ ನೋಡಿದಂಗಲ್ಲ ಇದು.”

“ಹೌದ್ರಿ. ಕುರಿ ಆದ್ರ ಎಲ್ಲಿ ನೋಯತೈತಿ ಅಂತ ತೋರಸತೈತ್ರಿ.”

ಬೀರೇಶ ತೆವಳುವ ಕಾರನ್ನು ಒಂದು ಗಳಿಗೆ ನೋಡಿದ. ಕಂಪ್ಯೂಟರಿನ ಹಿಂದೆ ಬಗ್ಗಿದ. ಎದ್ದು ಕೈ ಒರೆಸಿಕೊಂಡ.

“ಸಾಹೇಬ್ರ, ಇಲ್ಲೊಂದು…”

“ಪುರಾಣ ಬ್ಯಾಡ,” ವಿನೀತ ತಡೆದ. “ಕಾರ್ಡು ಬದಲಿ ಮಾಡಬೇಕೋ ಬ್ಯಾಡೋ? ಅಷ್ಟ ಒದರು.”

ಬೀರೇಶ ಅವನ ಮುಖವನ್ನೇ ನೋಡಿದ.

“ಬ್ಯಾಡ್ರಿ. ಕಾರ್ಡು ಗಟ್ಟಿಮುಟ್ಟ ಐತಿ.”

“ನೋಡಿದ್ರಿ, ಬಾಬಾ? ಒಂದು ಕಪ್ ಚಹಾಕ್ಕ ಆಕಿ ಪಾರ್ಟಿ ಸೇರಿದ! ಇಂಥಾವರನ್ನ ಕರದು ಕೇಳ್ತೀರಲ್ಲ!”

ಮಾರ್ತಾಂಡರು ಶಿಬಿರದ ದುಡ್ಡನ್ನು ರಸಿಕಾಳ ಕೈಗಿಟ್ಟರು. ವಿನೀತ ಇಡೀ ಖಾನಾಪುರ ತಾಲೂಕನ್ನು ಬಯ್ಯುತ್ತ ಮತ್ತೆ ಆಟಕ್ಕೆ ಕುಳಿತ. ಕಾರು ಇನ್ನೂ ತೆವಳುತ್ತಿತ್ತು.

ರಸಿಕಾಳಿಗೆ ಸಮಾಧಾನವಿಲ್ಲ. ಹೊರಟ ಬೀರೇಶನ ಹಿಂದೆಯೇ ಗೇಟಿನ ತನಕ ಓಡಿದಳು.

“ನನ್ನ ಸಲುವಾಗಿ ಸುಳ್ಳ ಹೇಳಿದ್ರೇನ್ರಿ?”

“ಸುಳ್ಳ ಯಾಕ ಹೇಳ್ಲಿ, ತಂಗಿ? ಮಾನಿಟರಿನ ವೈರ್ ಸಿಕ್ಕಿಸಾಕ ಹಿಂದ ಎರಡು ಜಾಗಾ ಅದಾವ. ಒಂದು ಕಾರ್ಡಿಂದು. ಇನ್ನೊಂದು ಮಷೀನ್ ಜೋಡಿ ಬಂದ ಸಾದಾದ್ದು. ಯಾರೋ ಜಾಣರು ಸಾದಾದ್ದಕ್ಕ ಸಿಕ್ಕಿಸ್ಯಾರ. ಕಾರ್ಡಿಗೆ ಕೆಲಸನ ಇಲ್ಲ, ಸುಮ್ನ ಕುಂತೈತಿ. ವೈರ್ ಕಿತ್ತು ಬಾಜೂಕ ಹಚ್ಚಿದ್ರ ಮುಗೀತು, ಅರ್ಧ ನಿಮಿಷದ ಕೆಲಸ. ಹೇಳಾಕ ಹೋದ್ನಿ, ಅವ್ರು ಎಲ್ಲಿ ಬಿಟ್ರು?”

“ರಸಿಕಾ! ದಡ್ಡಿ, ನೀರು ತಾ!” ಒಳಗಿನಿಂದ ಕೂಗು ಬಂತು.

ಅವಳು ನೀರು ಕೊಟ್ಟಳು, ವೈರಿನ ಗುಟ್ಟು ಬಿಡದೆ ಹತ್ತು ದಿನದ ಶಿಬಿರಕ್ಕೆ ಚೀಲ ತುಂಬಲು ಹೋದಳು. ನೀವಾಗಿದ್ದರೆ ಆಗಲೇ ಹೇಳಿಬಿಡುತ್ತಿದ್ದಿರಾ?